ಒಂದೇ ಪ್ರಶ್ನೆಪತ್ರಿಕೆ

"ಏಯ್, ಅಲ್ಲೇ ನಿಲ್ಲು! ಈಗಷ್ಟೇ ಒರೆಸಿದ್ದೀನಿ... ಕಣ್ಣು ಕಾಣಲ್ವಾ?"

ಆರ್ಗಿರಿಸ್ ಬೆಚ್ಚಿ ನಿಂತ. ಗ್ರೀಸ್‌ನ ಥೆಸಲೋನಿಕಿ ನಗರದಲ್ಲಿ ಅವನ ಮನೆಯಿದ್ದ ಆ ಕಟ್ಟಡದಲ್ಲಿ, ವಕೀಲರ ಮಗನಾದ ಅವನನ್ನು ಹೀಗೆ ಗದರಿಸಿದವರೇ ಇರಲಿಲ್ಲ.

ಗದರಿಸಿದವಳು ರೊದಾಂಥಿ. ಸೊಂಟ ಹಿಡಿದು ಮಲಗಿದ್ದ ಅಮ್ಮನ ಬದಲು ಮೆಟ್ಟಿಲು ತೊಳೆಯಲು ಬಂದಿದ್ದಳು.

"ಒಣಗೋವರೆಗೂ ಇಲ್ಲೇ ನಿಂತಿರ್ಲಾ?"

"ನಿಂತ್ಕೋ. ಬೇಡ ಅಂದೋರು ಯಾರು?"

ನಿಂತೇಬಿಟ್ಟ! ಅವಳಿಗೆ ನಗು ತಡೆಯಲಾಗಲಿಲ್ಲ.

ಇಬ್ಬರಿಗೂ ಹದಿನೇಳು. ಇಬ್ಬರೂ ಆ ಜೂನ್‌ನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯುವವರು. ಸಂಜೆಯಾದರೆ ಅವನಿಗೆ ಟ್ಯೂಷನ್, ಅವಳಿಗೆ ಮೆಟ್ಟಿಲು. ನಡುವೆ ಸಿಗುತ್ತಿದ್ದ ಅರ್ಧ ಗಂಟೆಯಲ್ಲೇ ಪ್ರೀತಿ ಬೆಳೆಯಿತು.

ಫಲಿತಾಂಶ ಬಂತು. ಅವನಿಗೆ ಸೀಟು ಸಿಕ್ಕಿತು. ಅವಳಿಗೆ ಇಲ್ಲ.

ಬಿಕ್ಕುತ್ತಿದ್ದವಳ ಪಕ್ಕ ಕೂತು ಅವನೆಂದ, "ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ತಾನೆ, ರೊದಾಂಥಿ? ನೀನು ಇನ್ನೂ ಸ್ವಲ್ಪ ಮನಸ್ಸಿಟ್ಟು ಓದ್ಬೇಕಿತ್ತು..."

ಅವಳ ಅಳು ಥಟ್ಟನೆ ನಿಂತಿತು. ಕಣ್ಣೊರೆಸಿಕೊಂಡು ಎದ್ದು ಹೋದಳು. ಆಮೇಲೆ ಅವನ ಒಂದು ಫೋನ್ ಕರೆಯನ್ನೂ ಎತ್ತಲಿಲ್ಲ.

ಒಂಬತ್ತು ವರ್ಷ ಕಳೆಯಿತು. ಆರ್ಗಿರಿಸ್ ಊರ ಪಶ್ಚಿಮದ ಶಾಲೆಯೊಂದರಲ್ಲಿ ಮೇಷ್ಟ್ರಾದ. ಒಂದು ದಿನ ಪಾಠದ ನಡುವೆ ಹುಡುಗಿಯೊಬ್ಬಳು ಬೆಂಚಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

"ಹೀಗೆ ಮಲಗಿದ್ರೆ ಪಾಸಾಗ್ತೀಯಾ? ಮನಸ್ಸಿಟ್ಟು ಓದು!"

"ಮನಸ್ಸಿದೆ ಸರ್... ಬೆಳಗ್ಗೆ ನಾಲ್ಕಕ್ಕೇ ಬೇಕರಿ ಕೆಲಸಕ್ಕೆ ಹೋಗ್ಬೇಕು."

ಅವನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. 'ಅಯ್ಯೋ... ಅವತ್ತು ನಾನು ಅವಳಿಗೆ ಎಂಥ ಮಾತಾಡಿಬಿಟ್ಟೆ!'

ವಿಚಾರಿಸುತ್ತಾ ವಿಚಾರಿಸುತ್ತಾ ಹೋಟೆಲೊಂದರ ಹಿಂಬಾಗಿಲಿಗೆ ಬಂದ. ಬಟ್ಟೆ ಇಸ್ತ್ರಿ ಮಾಡುವ ಕೆಲಸ ಮುಗಿಸಿ ರೊದಾಂಥಿ ಹೊರಬಂದಳು. ಅವನನ್ನು ಕಂಡು ಬಾಗಿಲಲ್ಲೇ ನಿಂತಳು.

"ಅವತ್ತು ನಾನಾಡಿದ್ದು ತಪ್ಪು. ಪ್ರಶ್ನೆಪತ್ರಿಕೆ ಒಂದೇ ಇತ್ತು, ರೊದಾಂಥಿ. ಬೇರೇನೂ ಒಂದೇ ಇರಲಿಲ್ಲ."

"ನೀನು ಅಂದಿದ್ದಕ್ಕಲ್ಲ ನನ್ನ ಸಂಕಟ, ಆರ್ಗಿರಿಸ್... ಅದನ್ನ ನಾನು ನಂಬಿಬಿಟ್ಟೆ! ನಾನೇ ದಡ್ಡಿ ಅಂದ್ಕೊಂಡು ಮತ್ತೆ ಪುಸ್ತಕ ಮುಟ್ಟಲೇ ಇಲ್ಲ. ಆ ವರ್ಷಗಳನ್ನ ಯಾರು ವಾಪಸ್ ಕೊಡ್ತಾರೆ?"

"ಯಾರೂ ಕೊಡಲ್ಲ..." ಅವನ ಕಣ್ಣು ತುಂಬಿತು. "ನಿನ್ನನ್ನ ಮರೆಯೋಕೂ ಆಗ್ಲಿಲ್ಲ."

ಅವಳು ಚೀಲ ಹೆಗಲಿಗೇರಿಸಿಕೊಂಡಳು.

"ಮನೆವರೆಗೂ ಜೊತೇಲಿ ಬಾ. ಅಮ್ಮ ಬೈತಾಳೆ."

"ಬೈಸ್ಕೋತೀನಿ."

"ತುಂಬಾ ಬೈತಾಳೆ ಕಣೋ..."

"ನಾಳೆನೂ ಬರ್ತೀನಿ."