ಬಾವಿಗೆ ಹಾಕಿದ ನಂಬರು

"ನಗೋದಾದ್ರೆ ನನ್ನ ನೋಡಿ ನಗು, ಕ್ಲಿಫರ್ಡ್. ಆ ಬಾವೀನ ನೋಡಿ ನಗಬೇಡ," ಎಂದಳು ಗ್ವೆನ್‌ಲಿಯನ್.

ಕ್ಲಿಫರ್ಡ್ ನಕ್ಕೇಬಿಟ್ಟ. ವೇಲ್ಸಿನ ಬೆಟ್ಟಗಳ ನಡುವಿನ ಈ ಸ್ಲೇಟುಗಣಿಯ ಹಳ್ಳಿಗೆ ಅವನು ಬಂದು ಎರಡು ವರ್ಷವಾಗಿತ್ತಷ್ಟೆ. ಅದಕ್ಕೂ ಮೊದಲು ಮ್ಯಾಂಚೆಸ್ಟರಿನಲ್ಲಿ, ವಿಮಾ ಕಂಪನಿಯೊಂದಕ್ಕಾಗಿ ಅಪಘಾತಗಳ ಕಾರಣ ಹುಡುಕುವುದು ಅವನ ಕಸುಬು. ಕುಡಿತ, ನಿದ್ದೆ, ಸವೆದ ಟೈರು. ಮೂವತ್ತು ವರ್ಷದಲ್ಲಿ ನಾಲ್ಕನೆಯ ಕಾರಣವೊಂದನ್ನು ಅವನು ಕಂಡಿರಲಿಲ್ಲ.

ಗ್ವೆನ್‌ಲಿಯನ್‌ಗೆ ಎಪ್ಪತ್ತು ದಾಟಿತ್ತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳು ಗಾಡಿಗಳಿಗೆ ನಂಬರ್ ಪ್ಲೇಟು ಒತ್ತಿಕೊಡುತ್ತಿದ್ದಳು. ಬಣ್ಣ, ಎಣ್ಣೆ, ಕಾದ ಲೋಹದ ವಾಸನೆಗೆ ಅಲ್ಲಿ ಕಣ್ಣು ಉರಿಯುತ್ತಿತ್ತು. ಕಿಟಕಿಯಾಚೆ ಅವಳದೇ ಹೊಲ. ಹೊಲದ ಮೂಲೆಯಲ್ಲಿ ಮುಳ್ಳುಮರ, ಅದರ ಬುಡದಲ್ಲಿ ಅರ್ಧ ಮುಚ್ಚಿದ, ತೋಳುದ್ದ ಆಳದ ಪುಟ್ಟ ಬಾವಿ.

ಅವನು ಬಂದದ್ದು ತನ್ನ ಮೋಟಾರುಸೈಕಲ್ಲಿಗೆ ಪ್ಲೇಟು ಆರಿಸಲು. ಪುಟ್ಟ ಪ್ಲೇಟು, ಬಳುಕುವ ಅಕ್ಷರ ಬೇಕೆಂದಿದ್ದ.

"ನಲವತ್ತು ವರ್ಷ ದಾಟಿದ ಗಾಡಿಗೆ ಕರೀ ತಗಡು, ಬೆಳ್ಳಿ ಅಕ್ಷರ ಹಾಕ್ಬಹುದು. ಅದು ಕಾನೂನೇ ಕೊಟ್ಟಿರೋ ಮರ್ಯಾದೆ. ಅಕ್ಷರದ ಎತ್ತರ, ನಡುವಿನ ಜಾಗ ಮಾತ್ರ ನಿಯಮದಷ್ಟೇ ಇರ್ಬೇಕು. ಬಳುಕೋ ಅಕ್ಷರ ಬೇಕಿದ್ರೆ ಕೇಕಿನ ಮೇಲೆ ಬರೆಸ್ಕೋ. ಮೊದಲು ನೋಂದಣಿ ಕಾಗದ ತಗೊಂಡು ಬಾ."

"ನಿಮ್ಮ ತಮ್ಮ ಸಹಿ ಹಾಕಿದ್ರೆ ತಾನೇ ಕಾಗದ ಬರೋದು? ಊರವರು ಹೇಳೋ ಹಾಗೆ ಅವರ ಹೆಸರು ಬರೆದು ಬಾವಿಗೆ ಹಾಕ್ಲಾ?"

ಬಾವೀನ ನೋಡಿ ನಗಬೇಡ ಎಂದು ಅವಳು ಹೇಳಿದ್ದು ಆಗಲೇ. ಆಮೇಲೆ ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದಳು. ಹಿಂದೆ ಆಗದವರ ಹೆಸರಿನ ಅಕ್ಷರಗಳನ್ನು ಸ್ಲೇಟುಕಲ್ಲಿನ ಚೂರಿನಲ್ಲಿ ಗೀರಿ ಅಲ್ಲಿ ಹಾಕುತ್ತಿದ್ದರಂತೆ. ಆ ಶಾಪ ಹಿಂದೆಗೆಯಬೇಕಾದರೆ ಹಾಕಿದವನೇ ಕೈಯಿಟ್ಟು ಚೂರನ್ನು ತೆಗೆಯಬೇಕು. ತೆಗೆಯುವಾಗ ಇದು ಯಾರದೆಂದು ಬಾವಿ ಕೇಳುತ್ತದೆ. ಯಾರ ಹೆಸರು ಹೇಳಿದರೋ ಅವರ ಪಾಲಿಗೆ ಆ ಶಾಪ.

"ಯಾವ ಭಾಷೇಲಿ ಕೇಳುತ್ತೆ? ನಂಗೆ ನಿಮ್ಮ ವೆಲ್ಷ್ ಬರಲ್ವಲ್ಲ," ಎಂದ ಕ್ಲಿಫರ್ಡ್. ಅವಳು ಯಂತ್ರ ಒರೆಸತೊಡಗಿದಳು.

ಅವನ ಬೈಕು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ಐವತ್ತರ ದಶಕದಲ್ಲಿ ಯಾರ ಜೊತೆಗೋ ಹಡಗು ಹತ್ತಿ ಅರ್ಜೆಂಟೀನಾ ಸೇರಿತ್ತು. ಅದನ್ನು ಮರಳಿ ತರಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಸುಂಕದವರ ಕಾಗದ, ವಿಮೆಯ ಕಾಗದ ಎಲ್ಲ ಸಿದ್ಧವಿದ್ದವು. ಇದು ಇಂಥ ವರ್ಷದ್ದೇ ಎಂದು ಹಳೇ ಬೈಕುಗಳ ಸಂಘದವರು ಬರೆದುಕೊಡಬೇಕಿತ್ತು, ಅಷ್ಟೆ. ಸಂಘದಲ್ಲಿ ಆ ಕೆಲಸ ಗ್ವೆನ್‌ಲಿಯನ್‌ಳ ತಮ್ಮ ಇದ್ವಾಲ್‌ನದು. ಬೈಕಿನ ಚೌಕಟ್ಟಿನಲ್ಲಿ ಕೊರೆದ ನಂಬರಿಗೆ ಕಾಗದ ಹಿಡಿದು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋದವನು ಮೂರು ತಿಂಗಳಾದರೂ ಸಹಿ ಹಾಕಲಿಲ್ಲ.

"ಸ್ವಲ್ಪ ತಾಳು ಮಾರಾಯ. ಅರವತ್ತು ವರ್ಷ ತಾಳಿದ ಗಾಡಿ ಅದು," ಎಂದು ಇದ್ವಾಲ್ ಹಲ್ಲುಕಿರಿಯುತ್ತಿದ್ದ, ಕ್ಲಿಫರ್ಡ್ ಕೇಳಿದಾಗಲೆಲ್ಲ. ಮುದುಕನಿಗೆ ಹೊಟ್ಟೆಕಿಚ್ಚು ಎಂದು ಕ್ಲಿಫರ್ಡ್ ತೀರ್ಮಾನಿಸಿದ.

ಅಕ್ಟೋಬರಿನ ಒಂದು ಮಧ್ಯಾಹ್ನ ಅವನು ಜಗಳಕ್ಕೆಂದೇ ಇದ್ವಾಲ್‌ನ ಮನೆಗೆ ಹೋದ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಇದ್ವಾಲ್‌ನ ಬೈಕಿಗೆ ಹೊದಿಸಿದ್ದ ಟಾರ್ಪಾಲಿನ ಮೇಲೊಂದು ಚೀಟಿ ಅಂಟಿಸಿತ್ತು. ಅದರಲ್ಲಿ ಪೆನ್ಸಿಲಿನ ದಪ್ಪ ಅಕ್ಷರ: ಕೆಜೆಸಿ 418. ಇದ್ವಾಲ್‌ನ ಗಾಡಿಯದೇ ನಂಬರು ಎಂದುಕೊಂಡ. ತನ್ನ ಗಾಡಿಗೆ ನಂಬರಿಲ್ಲ, ಇವನದು ಮಾತ್ರ ಮೆರೆಯಬೇಕೆ? ಮೈಯೆಲ್ಲ ಉರಿಯಿತು. ಅಂಗಳದಲ್ಲಿ ಬಿದ್ದಿದ್ದ ಸ್ಲೇಟಿನ ಚೂರೊಂದನ್ನು ಎತ್ತಿಕೊಂಡು, ಮೊಳೆಯಿಂದ ಆ ನಂಬರನ್ನು ಗೀರಿದ.

ಬರೀ ತಮಾಷೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಬಾವಿಯ ಮೇಲೆ ಬಗ್ಗಿದಾಗ ಅವನ ಬಾಯಿಂದ ಬಂದ ಮಾತು ತಮಾಷೆಯದಾಗಿರಲಿಲ್ಲ. "ಇವನು ಹಾಳಾಗಿ ಹೋಗ್ಲಿ," ಎಂದಿದ್ದ. ಚೂರು ನೀರಿಗೆ ಬಿದ್ದರೂ ಸದ್ದೇ ಆಗಲಿಲ್ಲ. ಕೊಳೆತ ಪಾಚಿಯ ವಾಸನೆಯೊಂದು ಮೇಲೆದ್ದು ಅವನ ಮುಖಕ್ಕೆ ರಾಚಿತು.

ನವೆಂಬರಿನಲ್ಲಿ ಇದ್ವಾಲ್ ಅವನನ್ನು ಶೆಡ್ಡಿಗೆ ಕರೆಸಿದ. ಅಕ್ಕ ತಮ್ಮ ಇಬ್ಬರೂ ಒಳ್ಳೇ ಬಟ್ಟೆ ತೊಟ್ಟು ನಿಂತಿದ್ದರು. ಮೇಜಿನ ಮೇಲೆ ಟೀ, ಒಣದ್ರಾಕ್ಷಿಯ ಬ್ರೆಡ್ಡು, ಕಂದು ಕಾಗದದ ಪೊಟ್ಟಣ. ಹಿಂದಿನ ವಾರ ತಪಾಸಣೆಗೆಂದು ಇದ್ವಾಲ್ ತರಿಸಿಕೊಂಡಿದ್ದ ಕ್ಲಿಫರ್ಡ್‌ನ ಬೈಕು ಬಾಗಿಲ ಬಳಿ ಮಿರಮಿರ ಮಿಂಚುತ್ತಿತ್ತು.

"ನಾ ಸಹಿ ಹಾಕಿದ್ರೆ ಆವತ್ತೇ ನಿಂಗೊಂದು ನಂಬರ್ ಕೊಡ್ತಿದ್ರು. ಯಾರೂ ಹಾಕದೆ ಮಿಕ್ಕಿದ್ದು ಯಾವ್ದೋ ಒಂದು. ಈ ಗಾಡಿಗೆ ಅದ್ಯಾಕೆ ಮಾರಾಯ?" ಎಂದ ಇದ್ವಾಲ್. ಅವನ ಕಣ್ಣುಗಳು ಹೊಳೆಯುತ್ತಿದ್ದವು. "ಜಿಲ್ಲಾ ದಫ್ತರದ ಹಳೇ ಪುಸ್ತಕ ಎಲ್ಲ ತಿರುವಿ ಹಾಕ್ದೆ. ಇದು ಮೊದಲು ಓಡಿದ್ದು ನಮ್ಮೂರ ರಸ್ತೇಲೇ ಕಣೋ. ಮೊದಲ್ನೇ ನಂಬರೇ ಸಿಕ್ಕಿದೆ. ಸರ್ಕಾರದವ್ರೂ ಒಪ್ಪಿದಾರೆ. ಇದನ್ನ ಮಾರೋಕಾಗಲ್ಲ, ಇನ್ನೊಂದು ಗಾಡಿಗೆ ಹಾಕೋಕಾಗಲ್ಲ. ಗಾಡಿ ಇರೋವರ್ಗೂ ಇದೇ."

ಗ್ವೆನ್‌ಲಿಯನ್ ಕಾಗದ ಬಿಚ್ಚಿದಳು. ಕರೀ ತಗಡು. ಬೆಳ್ಳಿ ಅಕ್ಷರ. ಕೆಜೆಸಿ 418.

ಕ್ಲಿಫರ್ಡ್‌ಗೆ ಎಲ್ಲ ಅರ್ಥವಾಯಿತು. ಮೂರು ತಿಂಗಳು ಈ ಮನುಷ್ಯ ತನಗಾಗಿ ದೂಳು ತಿಂದಿದ್ದ. ಆ ಚೀಟಿ ತನಗಾಗಿ ಬರೆದದ್ದು. ಆಗಲೇ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಅವನು ಬ್ರೆಡ್ಡು ಬಾಯಿಗಿಟ್ಟುಕೊಂಡ.

ಇದ್ವಾಲ್ ತಿರುಪು ಬಿಗಿದು ಪ್ಲೇಟು ಕೂರಿಸಿದ. ಒಲೆಯುರಿಯುತ್ತಿದ್ದ ಆ ಶೆಡ್ಡಿನಲ್ಲಿ ತಗಡು ಬೆವರತೊಡಗಿತು. ಅಂಚಿನಿಂದ ಒಂದು ಹನಿ. ಮತ್ತೊಂದು. ಗ್ವೆನ್‌ಲಿಯನ್ ಬಟ್ಟೆಯಿಂದ ಒರೆಸಿದಳು. ತಗಡು ಮತ್ತೆ ಒದ್ದೆಯಾಯಿತು. ಅವಳು ಬಟ್ಟೆಯನ್ನು ಮೂಸಿ ನೋಡಿದಳು. ಕೊಳೆತ ಪಾಚಿಯ ವಾಸನೆ.

"ಹತ್ತಪ್ಪ, ಮೊದಲ ಸವಾರಿ ನಿಂದೇ," ಎಂದ ಇದ್ವಾಲ್.

"ಮಂಡಿ ನೋವು ಕಣ್ರೀ," ಎಂದ ಕ್ಲಿಫರ್ಡ್, ಪ್ಲೇಟಿನ ಕಡೆ ನೋಡದೆ. "ನೀವೇ ಹೋಗಿ ಬನ್ನಿ."

ಅದು ಬಾವಿ ಹೇಳಿಸಿದ ಮಾತಲ್ಲ. ಅವನದೇ ಮಾತು. ಇದ್ವಾಲ್ ಖುಷಿಯಿಂದ ಅವನ ಬೆನ್ನು ತಟ್ಟಿ, "ಕೆರೆ ಸುತ್ತಿ ಬಂದೆ," ಎಂದು ಹೊರಟ. ಸಂಜೆ ನಾಲ್ಕರ ಮಂಜು ಅವನನ್ನು ನುಂಗಿತು.

"ಏನು ಹಾಕಿದೆ ಬಾವಿಗೆ?" ಗ್ವೆನ್‌ಲಿಯನ್ ಬಾಗಿಲಿಗೆ ಅಡ್ಡ ನಿಂತಿದ್ದಳು.

ಅವನು ಅವಳನ್ನು ತಳ್ಳಿಕೊಂಡು ಓಡಿದ. ಹೊಲದ ಕೆಸರು ಕಾಲು ಹಿಡಿಯಿತು. ಬೆಟ್ಟದ ಬುಡದಲ್ಲಿ ಎಂಜಿನ್ನು ಗುಡುಗುತ್ತಿತ್ತು. ಬಾವಿಯ ಬಳಿ ಮಂಡಿಯೂರಿ ತೋಳನ್ನು ಭುಜದವರೆಗೆ ಇಳಿಬಿಟ್ಟ. ನೀರಲ್ಲ ಅದು, ಹಿಮ. ಕಲ್ಲಿನ ಚೂರುಗಳು ಬೆರಳಿಗೆ ತಗುಲಿದವು. ನೂರಾರು. ಒಂದೊಂದರಲ್ಲೂ ಗೀರಿದ ಅಕ್ಷರ. ಇದಲ್ಲ. ಇದೂ ಅಲ್ಲ. ತುದಿಯಲ್ಲಿ ಎಂಟು. ಇದೇ.

ಎಳೆದ. ಬರಲಿಲ್ಲ. ಕೆಳಗಿನಿಂದ ಏನೋ ಮಣಿಕಟ್ಟನ್ನು ಹಿಡಿದುಕೊಂಡಿತು. ಮೂಳೆ ಕಟಕಟ ಎಂದಿತು. ಕೆನ್ನೆ ಕಲ್ಲಿಗೆ ಒತ್ತಿತು. ಕೊಳೆತ ಪಾಚಿಯ ವಾಸನೆ ಮೂಗಿನೊಳಗೆ ತುಂಬಿತು. ಅವನ ಕಿವಿಯೊಳಗೇ ಯಾರೋ ಕೇಳಿದರು. ಭಾಷೆ ಯಾವುದೆಂದು ಗೊತ್ತಾಗಲಿಲ್ಲ. ಅರ್ಥ ಮಾತ್ರ ಆಯಿತು.

ಇದು ಯಾರದು?

ನೋಂದಣಿ ಕಾಗದದಲ್ಲಿದ್ದದ್ದು ಅವನ ಹೆಸರು. ಗಾಡಿ ಅವನದು. ನಂಬರು ಅವನದು. ಶಾಪವೂ ಅವನದೇ.

"ನಿಂದು ಅನ್ನು," ಗ್ವೆನ್‌ಲಿಯನ್ ಹಿಂದಿನಿಂದ ಏದುಸಿರು ಬಿಡುತ್ತ ಕೂಗಿದಳು. "ಕ್ಲಿಫರ್ಡ್, ನಿಂದು ಅನ್ನಪ್ಪ."

ಹಿಡಿತ ಬಿಗಿಯಿತು. ಚರ್ಮ ಹರಿಯಿತು. ಎಂಜಿನ್ನು ಕೆರೆಯ ತಿರುವಿಗೆ ಬಂದಿತ್ತು.

"ಇದ್ವಾಲ್‌ದು," ಎಂದು ಅವನು ಅರಚಿದ. "ಇದ್ವಾಲ್‌ದು, ಬಿಟ್ಟುಬಿಡು."

ಕೈ ಬಿಡುಗಡೆಯಾಯಿತು. ಎಂಜಿನ್ನು ನಿಂತುಹೋಯಿತು. ಬ್ರೇಕಿನ ಕಿರುಚಾಟವಿಲ್ಲ, ಬಿದ್ದ ಸದ್ದಿಲ್ಲ. ನೀರಿಗೆ ಏನೋ ಸೇರಿದಂಥ ಒಂದು ಮೆಲ್ಲನೆಯ ಸದ್ದು ಮಾತ್ರ ಮಂಜಿನಾಚೆಯಿಂದ ಕೇಳಿಸಿತು.

ಕೆರೆಯಿಂದ ದೇಹ ತೆಗೆಯಲು ಎರಡು ದಿನ ಹಿಡಿಯಿತು. ಬೈಕು ದಡದಲ್ಲಿ ಸ್ಟ್ಯಾಂಡ್ ಹಾಕಿ ನಿಂತಿತ್ತು, ಒಂದು ಗೀರೂ ಇಲ್ಲದೆ. ಕಾರಣ ತಿಳಿಯದು ಎಂದು ಪೊಲೀಸರು ಬರೆದುಕೊಂಡರು. ಗೆಳೆಯನೆಂದು ಎಲ್ಲರೂ ಕ್ಲಿಫರ್ಡ್‌ನ ಭುಜಕ್ಕೇ ಶವಪೆಟ್ಟಿಗೆಯ ಮುಂತುದಿ ಕೊಟ್ಟರು. ಅವನು ಹೊತ್ತ.

ಮಣ್ಣು ಮಾಡಿ ಮುಗಿದ ಮೇಲೆ ಗ್ವೆನ್‌ಲಿಯನ್ ಅವನ ಬಳಿ ಬಂದಳು. ಬೈಯಲಿಲ್ಲ, ಅಳಲೂ ಇಲ್ಲ. ಅವನ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಬಾವಿ ಕೇಳಿದಾಗ ನಮ್ಮಜ್ಜಿ ನಂದು ಅಂತ ನಿಜ ಹೇಳಿದ್ಲು. ಅವಳಿಗೆ ಎರಡು ಬೆರಳು ಹೋಯ್ತು, ಅಷ್ಟೇ," ಎಂದಳು. "ಮಿಕ್ಕಿದ್ದರಲ್ಲೇ ಎಂಬತ್ತು ವರ್ಷದವರೆಗೆ ಬಟ್ಟೆ ಹೊಲೀತಿದ್ಲು."

ಆಮೇಲೆ ಅವನ ಕೈ ಬಿಟ್ಟು ಮನೆಯ ಕಡೆ ನಡೆದಳು.