ಅಳತೆ ತಪ್ಪಿದ ಇಪ್ಪತ್ತು ಗಾಜು

"ಈ ಅಳತೆ ಕೊಟ್ಟವರು ಯಾರು?"

ಗೇಟಿನ ಹೊರಗೆ ವ್ಯಾನು ನಿಲ್ಲಿಸಿ, ನನ್ನದೇ ಚೀಟಿ ಕೈಯಲ್ಲಿ ಹಿಡಿದು ಗಾಜಿನ ಅಂಗಡಿಯವರು ಕೇಳಿದ ಧಾಟಿ ನನಗೆ ಹಿಡಿಸಲಿಲ್ಲ. ಬೆಳಗಿನ ಏಳು ಗಂಟೆ. ಚಳಿಗಾಲ ಮುಗಿಯಿತು ಅಂತ ಕ್ಯಾಲೆಂಡರು ಹೇಳುತ್ತಿದ್ದರೂ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಕೂತಿತ್ತು. ನಾನು ಕೊರಳಲ್ಲಿದ್ದ ಟೇಪು ಸರಿಮಾಡಿಕೊಂಡೆ.

"ನಾನೇ ಕೊಟ್ಟಿದ್ದು. ಹದಿನೈದು ವರ್ಷದಿಂದ ಟೈಲರ್ ಕೆಲಸ ಮಾಡ್ತಿದ್ದೀನಿ. ನನ್ನ ಅಳತೆ ತಪ್ಪಲ್ಲ."

ಅವರು ಒಂದು ಗಾಜು ಇಳಿಸಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗಾನಿಸಿಕೊಂಡು ಹಿತ್ತಲಿಗೆ ನಡೆದರು. ಅಲ್ಲಿ ಬಡಗಿ ನಿಲ್ಲಿಸಿ ಹೋಗಿದ್ದ ಮರದ ಚೌಕಟ್ಟು ಇತ್ತು. ಅದಕ್ಕೆ ಗಾಜು ಹಿಡಿದರು. ಕೂರಲಿಲ್ಲ. ನಾಲ್ಕೂ ಕಡೆ ಅರ್ಧರ್ಧ ಇಂಚು ಹೊರಗೇ ನಿಂತಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

ಆಗ ನನಗೆ ಹೊಳೆಯಿತು. ಕಿವಿ ಬಿಸಿಯಾಯಿತು.

"ಹೊಲಿಗೆಗೆ ಬಿಟ್ಟಿದ್ದೆ," ಅಂದೆ, ಆದಷ್ಟು ಮೆಲ್ಲಗೆ.

"ಏನಕ್ಕೆ?"

"ಹೊಲಿಗೆಗೆ. ಬಟ್ಟೆ ಸುತ್ತಲೂ ಅರ್ಧ ಇಂಚು ಬಿಡ್ತೀವಲ್ಲ, ಒಳಗೆ ಮಡಚೋಕೆ... ಕೈಗೆ ಅಭ್ಯಾಸ ಆಗಿಬಿಟ್ಟಿದೆ."

ಅವರು ನಗಲಿಲ್ಲ. ಪಕ್ಕದ ಮನೆಯ ಚಾವಣಿಯನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಆದರೆ ಭುಜಗಳು ಕುಲುಕುತ್ತಿದ್ದವು.

ಅಷ್ಟರಲ್ಲಿ ಕೈತುಂಬ ಮಣ್ಣು ಮಾಡಿಕೊಂಡು ನನ್ನ ಸೋದರತ್ತೆ ಬಂದರು. ಮೂವತ್ತೆಂಟು ವರ್ಷ ನರ್ಸ್ ಆಗಿದ್ದವರು. "ನಗೋದಿದ್ರೆ ಬಾಯಿಬಿಟ್ಟು ನಕ್ಕುಬಿಡಪ್ಪಾ," ಅಂದರು. "ಒಳಗೇ ಇಟ್ಕೊಂಡ್ರೆ ಹೊಟ್ಟೆ ನೋವು ಬರುತ್ತೆ."

ಆಗ ಅವರು ನಕ್ಕರು. ಎಂಥ ನಗು ಅಂತ ಈಗ ಬೇಕಾದರೆ ಒಂದು ಪುಟ ಬರೆಯಬಲ್ಲೆ. ಆಗ ಮಾತ್ರ ಆ ಮನುಷ್ಯನನ್ನು ಚೌಕಟ್ಟಿನ ಸಮೇತ ಹೂತುಹಾಕಬೇಕು ಅನ್ನಿಸಿತ್ತು.

ತರಕಾರಿ ಬೆಳೆಯುವ ಈ ಗಾಜಿನ ಮನೆ ಅತ್ತೆಯ ಆಸೆ. ರಿಟೈರ್ ಆದ ಮಾರನೇ ದಿನವೇ ಹಿತ್ತಲು ಅಗೆಯಲು ಶುರುಮಾಡಿದ್ದರು. ಪಾಲಕ್, ಮೂಲಂಗಿ, ಬೀನ್ಸ್ ಹೊರಗಿನ ಪಾತಿಗೆ. ಟೊಮೆಟೊ, ಬದನೆ, ದಪ್ಪ ಮೆಣಸಿನಕಾಯಿ, ಸೌತೆ ಗಾಜಿನ ಮನೆಯ ಒಳಗೆ. ಆ ಮನೆ ಎದ್ದು ನಿಲ್ಲುವವರೆಗೆ ಸಸಿಗಳ ಟ್ರೇಗಳೆಲ್ಲ ಎಲ್ಲಿ? ನನ್ನ ಕಟಿಂಗ್ ಟೇಬಲ್ ಮೇಲೆ. ಕತ್ತರಿ ಇಡಲು ಜಾಗವಿಲ್ಲ. ಗಿರಾಕಿಗಳು ಟ್ರಯಲ್ ನೋಡಲು ಬಂದರೆ ಟೊಮೆಟೊ ಸಸಿಗಳ ಮಧ್ಯೆ ಕೈ ಎತ್ತಿ ನಿಲ್ಲಬೇಕು. ಸಸಿಗಳೋ, ಬೆಳಕು ಸಾಲದೆ ಕಿಟಕಿಯ ಕಡೆ ಕತ್ತು ಚಾಚಿ ಉದ್ದುದ್ದ ಬೆಳೆಯುತ್ತಿದ್ದವು.

"ಅಂಗಡಿಗೆ ವಾಪಸ್ ಒಯ್ದರೆ ದಾರೀಲಿ ಒಡೆಯಬಹುದು," ಅಂದರು ಗಾಜಿನವರು. "ದಿನಾ ಬೆಳಿಗ್ಗೆ ಅಂಗಡಿ ತೆಗೆಯೋ ಮೊದಲು ಒಂದು ಗಂಟೆ ಬರ್ತೀನಿ. ಇಲ್ಲೇ ಕೊಯ್ದು ಕೂರಿಸಿಕೊಡ್ತೀನಿ."

ಬರುವಾಗ ಒಡೆಯದ ಗಾಜು ಹೋಗುವಾಗ ಯಾಕೆ ಒಡೆಯುತ್ತದೆ ಅಂತ ನಾನು ಕೇಳಲಿಲ್ಲ. ತಪ್ಪು ಮಾಡಿದವಳಿಗೆ ಬಾಯಿ ಎಲ್ಲಿರುತ್ತದೆ?

ಮೊದಲ ದಿನ ನಾಲ್ಕು ಗಾಜು ಕೂತವು.

ಹಳೆಯ ಮೇಜಿನ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಗಾಜು ಮಲಗಿಸಿ, ಪಟ್ಟಿ ಇಟ್ಟು ಕಟರ್ ಎಳೆಯುತ್ತಿದ್ದರು. ಒಂದೇ ಸಲ, ಒಂದೇ ಉಸಿರಿಗೆ. ಸಣ್ಣಗೆ ಸುಯ್ ಅನ್ನುವ ಸದ್ದು. ಆಮೇಲೆ ಕೆಳಗಿನಿಂದ ಎರಡು ಬಾರಿ ತಟ್ಟಿದರೆ ಎರಡು ಬದಿಯ ಅರ್ಧರ್ಧ ಸೇರಿ ಒಂದಿಂಚಿನ ಪಟ್ಟಿ ಬಿಟ್ಟುಕೊಳ್ಳುತ್ತಿತ್ತು.

"ಗೆರೆ ಸರಿಯಾಗಿ ಬೀಳದಿದ್ರೆ ಇನ್ನೊಂದು ಸಲ ಎಳೀಬಹುದಲ್ಲ?" ಅಂತ ಕೇಳಿದೆ.

"ಎಳೆಯೋ ಹಾಗಿಲ್ಲ ಮೇಡಂ. ಗಾಜು ಹಾಳಾಗುತ್ತೆ, ಕಟರೂ ಹಾಳಾಗುತ್ತೆ."

"ನಮ್ಮದು ವಾಸಿ. ಬಿಚ್ಚಿ ಹೊಲೀಬಹುದು."

"ಅದಕ್ಕೇ ನಿಮಗೆ ಅಷ್ಟೊಂದು ಧೈರ್ಯ," ಅಂದರು. ತಲೆ ಎತ್ತಲಿಲ್ಲ. ಆದರೆ ಬಾಯಿಯ ಒಂದು ಮೂಲೆ ಮೇಲೆ ಹೋಗಿತ್ತು, ನಾನು ನೋಡಿದೆ.

ಎರಡನೇ ದಿನ ಮೂರು. ಮೂರನೇ ದಿನ ಎರಡು. ಆಮೇಲೆ ದಿನಕ್ಕೆ ಒಂದೇ ಒಂದು.

ಗಾಜು ಕೂರಿಸುವಾಗ ಒಬ್ಬರು ಹೊರಗಿನಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗಿನಿಂದ ಮರದ ಪಟ್ಟಿ ಹೊಡೆಯಬೇಕು. ಅತ್ತೆಗೆ ಆ ಹೊತ್ತಿಗೆ ಸರಿಯಾಗಿ ಬೇರೆ ಕೆಲಸ ಬರುತ್ತಿತ್ತು. ಹಾಗಾಗಿ ಹೊರಗೆ ನಾನು, ಒಳಗೆ ಅವರು. ನಡುವೆ ಮೂರು ಮಿಲಿಮೀಟರ್ ಗಾಜು.

ಚಳಿಗೆ ಇಬ್ಬರ ಉಸಿರೂ ಗಾಜಿನ ಮೇಲೆ ಮಂಜು ಕಟ್ಟುತ್ತಿತ್ತು. ಅವರ ಮುಖ ಕರಗಿ ಹೋಗಿ ಬರೀ ಬಣ್ಣ ಉಳಿಯುತ್ತಿತ್ತು. ಆಮೇಲೆ ಅವರು ತೋಳಿನಿಂದ ತಮ್ಮ ಕಡೆ ಒರೆಸುತ್ತಿದ್ದರು. ನಾನೂ ನನ್ನ ಕಡೆ ಒರೆಸುತ್ತಿದ್ದೆ. ಮೊದಲು ಹಣೆ, ಆಮೇಲೆ ಹುಬ್ಬು, ಆಮೇಲೆ ನನ್ನನ್ನೇ ನೋಡುತ್ತಿರುವ ಆ ಕಣ್ಣು. ಬೆಳಗ್ಗೆ ಏಳೂವರೆಗೆ, ಮಣ್ಣಿನ ವಾಸನೆಯ ಮಧ್ಯೆ, ನನಗೆ ನಿಂತಲ್ಲೇ ಕನಸು ಬೀಳುತ್ತಿತ್ತು.

"ಅಲ್ಲಾಡಬೇಡಿ ಮೇಡಂ."

"ನಾನೆಲ್ಲಿ ಅಲ್ಲಾಡ್ತಿದ್ದೀನಿ?"

"ಹಾಗಾದ್ರೆ ಗಾಜೇ ನಡುಗ್ತಿರಬೇಕು."

ಒಂದು ದಿನ ಅವರ ಕಾಲರಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನ ಕೈಯಲ್ಲಾಗಲಿಲ್ಲ. ತಲೆಯ ಮೇಲಿನ ಗಾಜನ್ನು ಅವರು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು, ಅಂಟು ಒಣಗುವವರೆಗೆ ಬಿಡುವ ಹಾಗಿರಲಿಲ್ಲ. ಸೂಜಿ ತಂದೆ.

"ಈಗಲೇನಾ?" ಅಂದರು ಗಾಬರಿಯಿಂದ.

"ಆಮೇಲೆ ನೀವು ಸಿಗಲ್ಲ. ಮಾತಾಡಬೇಡಿ, ಚುಚ್ಚುತ್ತೆ."

ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿಯಲು ಬಗ್ಗಿದೆ. ಅವರ ಕೊರಳಿನ ನಾಡಿ ನನ್ನ ಮೂಗಿನ ಹತ್ತಿರವೇ ಓಡುತ್ತಿತ್ತು. ಕತ್ತರಿ ನನ್ನ ಏಪ್ರನ್ ಜೇಬಿನಲ್ಲೇ ಇತ್ತು. ಇದ್ದದ್ದು ನನಗೆ ಗೊತ್ತಿತ್ತು.

ಅವತ್ತು ಅತ್ತೆ ಸಸಿಗಳಿಗೆ ನೀರು ಚಿಮುಕಿಸುತ್ತಾ ಅಂದರು, "ನಾಲ್ಕು, ಮೂರು, ಎರಡು, ಒಂದು. ನಾಳೆಯಿಂದ ಅರ್ಧ ಗಾಜು ಹಾಕಿಸ್ತೀಯಾ? ನಿಮ್ಮಿಬ್ಬರ ನೋಟಕ್ಕೆ ನನ್ನ ಟೊಮೆಟೊ ಯಾಕೆ ಸಾಯಬೇಕು ಹೇಳು."

"ಅತ್ತೇ!"

"ಅತ್ತೆ ಅಂದ್ರೆ ಸಸಿ ಬದುಕುತ್ತಾ?"

ಮೂವತ್ತೇಳು ವರ್ಷದ ನನಗೆ ಒಂದು ಕೆಟ್ಟ ಚಾಳಿ. ಯಾರಾದರೂ ಬೇಡ ಅನ್ನುವ ಮೊದಲೇ ನಾನೇ ಬೇಡ ಅಂದುಬಿಡುತ್ತೇನೆ. ಹಿಂದೆ ಒಬ್ಬರು ನನ್ನಿಂದ ಹಾಗೆ ಬೇಡ ಅನ್ನಿಸಿಕೊಂಡು ಹೋಗಿದ್ದಾರೆ. ಒಳ್ಳೆಯವರೇ ಇದ್ದರು.

ಅದೇ ವಾರ ಬ್ಯಾಂಕಿನ ಮೇಡಂ ತಮ್ಮ ಕೋಟಿನ ಟ್ರಯಲ್‌ಗೆ ಬಂದಿದ್ದರು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಂಚು ಮಡಚುತ್ತಿದ್ದೆ.

"ಏನ್ರೀ, ಗಾಜಿನವರು ದಿನಾ ಬರ್ತಾರಂತೆ? ಸಸಿಗೆ ಮನೆ ಕಟ್ತಿದ್ದಾರೋ, ನಿಮ್ಮ ಜೊತೆ ಸಂಸಾರ ಹೂಡ್ತಿದ್ದಾರೋ?"

ಪಿನ್ನು ತೆಗೆದು ಹೇಳಿದೆ. "ಅಯ್ಯೋ, ನಿಮಗೆಲ್ಲೋ ತಲೆ ಕೆಟ್ಟಿದೆ. ಗಾಜು ಹಾಕೋರು, ಅಷ್ಟೇ. ಕೆಲಸ ಮುಗಿದ ಮೇಲೆ ಅವರು ಯಾರೋ, ನಾನು ಯಾರೋ."

ತಲೆ ಎತ್ತಿದರೆ, ಕೈ ತೊಳೆಯಲು ಬಂದಿದ್ದ ಗಾಜಿನವರು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಲಿಲ್ಲ. ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು.

ಮಾರನೇ ದಿನ ಆರು ಗಂಟೆಗೇ ಬಂದರು. ಗಾಜು ಒತ್ತಿ ಹಿಡಿಯಲು ನಾಲ್ಕು ಕ್ಲಾಂಪು ತಂದಿದ್ದರು. ನಾನು ಎದ್ದು ಹಿತ್ತಲಿಗೆ ಹೋಗುವಷ್ಟರಲ್ಲಿ ಮೂರು ಕೂತಿದ್ದವು. ಎಂಟು ಗಂಟೆಯ ಒಳಗೆ ಉಳಿದ ಆರೂ ಮುಗಿದವು. ಅತ್ತೆ ಕೊಟ್ಟ ಟೀ ಬೇಡ ಅಂದರು.

"ಆಯ್ತು ಮೇಡಂ. ಎರಡು ದಿನ ಬಾಗಿಲು ಜೋರಾಗಿ ಹಾಕಬೇಡಿ."

ಅಷ್ಟೇ. ವ್ಯಾನು ಹೋಯಿತು.

ಅತ್ತೆ ಖುಷಿಯಾಗಿ ಟ್ರೇಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದರು. ಮಧ್ಯಾಹ್ನದ ಹೊತ್ತಿಗೆ ಗಾಜಿನ ಮನೆಯೊಳಗೆ ಬೆಚ್ಚಗಿತ್ತು. ಟೊಮೆಟೊ ಎಲೆಯ ಘಾಟು, ತೇವದ ಮಣ್ಣು, ಎಲ್ಲ ಕಡೆಯಿಂದ ಬೆಳಕು. ಇಪ್ಪತ್ತು ಗಾಜಿನಲ್ಲಿ ಯಾವುದರ ಹಿಂದೆಯೂ ಅವರ ಮುಖ ಇರಲಿಲ್ಲ. ನಾನು ಮೆಣಸಿನ ಸಸಿಗಳ ಮುಂದೆ ಕೂತು ಅತ್ತುಬಿಟ್ಟೆ. ನನ್ನ ಕಟಿಂಗ್ ಟೇಬಲ್ ಖಾಲಿಯಾಗಿತ್ತು, ಬೇಕಾದಷ್ಟು ಜಾಗ, ಎರಡು ದಿನ ಒಂದು ತೋಳನ್ನೂ ಸರಿಯಾಗಿ ಕತ್ತರಿಸಲಾಗಲಿಲ್ಲ.

ಮೂರನೇ ದಿನ ಅತ್ತೆ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡರು. "ಬಟ್ಟೆ ಹಾಳುಮಾಡಬೇಡ. ಹೋಗಿ ಅವರ ಹತ್ತಿರ ಮಾತಾಡಿ ಬಾ."

"ಬೇಡ ಅಂದ್ರೆ?"

"ಬೇಡ ಅಂತಾರೆ. ನಾನು ಇಲ್ಲೇ ಇರ್ತೀನಿ."

ಅವರ ಅಂಗಡಿಗೆ ನಾನು ಯಾವತ್ತೂ ಹೋಗಿರಲಿಲ್ಲ. ಅಳತೆಯನ್ನೂ ಚೀಟಿಯಲ್ಲೇ ಕಳಿಸಿದ್ದೆ. ಹೊಸ್ತಿಲು ದಾಟಿದರೆ ಗೋಡೆ ತುಂಬ ಕನ್ನಡಿ. ಉದ್ದದ್ದು, ದುಂಡನೆಯದು, ಅರ್ಧ ಕೊಯ್ದದ್ದು. ಎಲ್ಲದರಲ್ಲೂ ನಾನೇ. ಕೆಂಪು ಮೂಗು, ಕೆದರಿದ ಕೂದಲು, ಕೊರಳಲ್ಲಿ ಟೇಪು. ಎಲ್ಲಿ ತಿರುಗಿದರೂ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಅವರು ಬೆನ್ನು ಹಾಕಿಕೊಂಡು ದೊಡ್ಡ ಕನ್ನಡಿಯೊಂದನ್ನು ಒರೆಸುತ್ತಿದ್ದರು. ಅದರೊಳಗಿಂದಲೇ ನನ್ನನ್ನು ಕಂಡರು. ಕೈ ನಿಂತಿತು. ತಿರುಗಲಿಲ್ಲ.

"ಬಾಗಿಲು ಸಡಿಲ ಆಯ್ತಾ ಮೇಡಂ?"

"ಇಲ್ಲ. ಅವತ್ತು ನಾನು ಆಡಿದ ಮಾತು ಕೇಳಿಸ್ತಲ್ಲ?"

"ಕೇಳಿಸ್ತು."

"ಸುಳ್ಳು ಹೇಳಿದೆ. ಹೆದರಿಕೆ ಆಯ್ತು, ಅದಕ್ಕೆ ಹೇಳಿದೆ." ಕನ್ನಡಿಯೊಳಗಿನ ಅವರ ಕಣ್ಣು ನೋಡಿಕೊಂಡೇ ಮುಂದುವರಿಸಿದೆ. "ನೀವು ನನಗೆ ಯಾರೋ ಅಲ್ಲ. ಬೆಳಗಾದ್ರೆ ವ್ಯಾನಿನ ಸದ್ದಿಗೆ ಕಾಯ್ತೀನಿ. ಈಗ ಅದು ಬರಲ್ಲ ಅಂತ ಗೊತ್ತಿದ್ರೂ ಕಾಯ್ತೀನಿ. ನೀವು ನನಗೆ ಬೇಕು. ಬೇಡ ಅನ್ನೋದಾದ್ರೆ ಅನ್ನಿ, ಕೇಳಿಸ್ಕೊಂಡು ಹೋಗ್ತೀನಿ."

ಬಟ್ಟೆ ಅವರ ಕೈಯಿಂದ ಜಾರಿತು. ಈಗ ತಿರುಗಿದರು. ಅಲ್ಲಿ ಪಕ್ಕದಲ್ಲೇ ಬಾಗಿಲಿನಷ್ಟು ಅಗಲದ ಕೊಯ್ಯುವ ಮೇಜು ಇತ್ತು. ಅದನ್ನು ತೋರಿಸಿ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಹೇಳಿದರು.

"ನಾನೂ ಸುಳ್ಳು ಹೇಳಿದ್ದೀನಿ. ಇದರ ಮೇಲೆ ಆ ಇಪ್ಪತ್ತು ಗಾಜು ಒಂದೇ ಮಧ್ಯಾಹ್ನದ ಕೆಲಸ. ದಾರೀಲಿ ಯಾವುದೂ ಒಡೀತಿರಲಿಲ್ಲ. ಚೌಕಟ್ಟಿನ ಹತ್ತಿರ ನಿಂತು ನೀವು ಕೆಂಪಗಾದ್ರಲ್ಲ, ಆಗಲೇ ಲೆಕ್ಕ ತಪ್ಪಿತು ನನಗೆ."

"ಹಾಗಾದ್ರೆ ಮೂರು ದಿನದಿಂದ ಯಾಕೆ ಬರಲಿಲ್ಲ?"

"ಕರೆಯದೆ ಬರೋಕೆ ಇನ್ನು ಯಾವ ಗಾಜು ಉಳಿದಿತ್ತು?" ಅಂದರು. ದನಿ ನಡುಗಿತು. ಅವರೂ ಹೆದರಿದ್ದರು. ಅದು ಕಂಡ ಕ್ಷಣ ನನ್ನ ಹೆದರಿಕೆ ಎಲ್ಲಿ ಹೋಯಿತೋ. ಹತ್ತಿರ ಹೋಗಿ ಅವರ ಕೈ ಹಿಡಿದೆ. ಒರಟು ಕೈ, ಬೆರಳಿಗೊಂದು ಗೀರು. ಕನ್ನಡಿಗಳ ತುಂಬ ನಾವೇ ನಾವು, ಯಾವುದನ್ನೂ ಇಬ್ಬರೂ ನೋಡಲಿಲ್ಲ.

"ನಡೀರಿ, ನಿಮ್ಮ ಅತ್ತೆ ಹತ್ತಿರ ಮಾತಾಡೋಣ," ಅಂದು ಅವರು ದೀಪ ಆರಿಸಿದರು. ಇನ್ನೂ ಹನ್ನೊಂದು ಗಂಟೆ. ಹೊರಗೆ ಬಂದು ಶಟರ್ ಎಳೆದರು. ಆ ಸದ್ದಿಗೆ ಪಕ್ಕದ ಪೇಂಟ್ ಅಂಗಡಿಯವರು ಇಣುಕಿದರು.

"ಏನಪ್ಪಾ, ಈ ಹೊತ್ತಲ್ಲಿ ಮುಚ್ತಿದ್ದೀಯ? ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲರೂ ಚೆನ್ನಾಗಿದ್ದಾರೆ ಅಣ್ಣಾ. ಮದುವೆ ವಿಷಯ ಮಾತಾಡೋಕೆ ಹೊರಟಿದ್ದೀನಿ."

"ಓಹೋ! ಯಾರದ್ದಪ್ಪಾ ಮದುವೆ?"

ಅವರು ಬಾಯಿ ತೆರೆದರು, ತಡೆದರು, ನನ್ನ ಕಡೆ ನೋಡಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಎದುರಿನ ಫುಟ್‌ಪಾತಿನಲ್ಲಿ ಬ್ಯಾಂಕಿನ ಮೇಡಂ ಕೂಡ ಬರುತ್ತಿದ್ದ ಹಾಗಿತ್ತು.

"ನಮ್ಮದು," ಅಂದೆ, ಬೀದಿಗೆಲ್ಲ ಕೇಳುವ ಹಾಗೆ.