ಬೋಲ್ಟು ಅಳೆಯುವವಳು

"ಸರ್, ಈ ಲೆಕ್ಕ ಬರೆದವರು ಯಾರು?"

ಕೊನೆಯ ಬೆಂಚಿನಿಂದ ಬಂದ ಪ್ರಶ್ನೆಗೆ ಇಡೀ ತರಗತಿ ತಿರುಗಿ ನೋಡಿತು. ಒಬ್ಬಿಬ್ಬರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಆ ಅಭ್ಯಾಸ ಪುಸ್ತಕ ಬರೆದವನು ಕಪ್ಪು ಹಲಗೆಯ ಮುಂದೆ ನಿಂತಿದ್ದ ಮೇಷ್ಟ್ರೇ ಎಂಬುದು ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ಅವಳೊಬ್ಬಳೇ. ಅವತ್ತು ಅವಳ ಮೊದಲ ಭಾನುವಾರ.

"ಯಾಕೆ? ಏನಾಯ್ತು?" ಎಂದ ಮೇಷ್ಟ್ರು.

"ಇಪ್ಪತ್ತಮೂರನೇ ಪ್ರಶ್ನೆ ಸರ್. ಬೋಲ್ಟಿನ ಸರಾಸರಿ ದಪ್ಪ ಹದಿನೆಂಟು ಮಿಲಿಮೀಟರ್, ಪ್ರಮಾಣ ವಿಚಲನೆ ಎರಡು ಮಿಲಿಮೀಟರ್ ಅಂತಿದೆ. ಅಂದ್ರೆ ಒಂದು ಬೋಲ್ಟು ಹದಿನಾರು, ಇನ್ನೊಂದು ಇಪ್ಪತ್ತು. ಇದನ್ನ ಬರೆದವರು ಕಾರ್ಖಾನೆಯೊಳಗೆ ಕಾಲಿಟ್ಟಿರಲಿಕ್ಕಿಲ್ಲ."

ಮೇಷ್ಟ್ರ ಕಿವಿ ಕೆಂಪಾಯಿತು. ಲೆಕ್ಕ ಸುಲಭವಾಗಲಿ ಎಂದು ಹಾಗೆ ಬರೆದದ್ದು, ಸೀಮೆಸುಣ್ಣದ ಮುಂದೆ ಎರಡಾದರೇನು, ಎರಡರ ನೂರನೇ ಒಂದು ಭಾಗವಾದರೇನು ಎಂದು ಸಮಜಾಯಿಷಿ ಕೊಟ್ಟ.

"ಲೆಕ್ಕ ಸುಲಭ ಆಗುತ್ತೆ ಸರ್," ಅವಳು ತಣ್ಣಗೆ ಹೇಳಿದಳು, "ಬಸ್ಸಿನ ಚಕ್ರ ಕಳಚಿಕೊಳ್ಳುತ್ತೆ."

ಈ ಸಲ ತರಗತಿ ನಗಲಿಲ್ಲ.

ಅವಳಿಗೆ ಇಪ್ಪತ್ತೆಂಟು ವರ್ಷ. ಬಸ್ಸಿನ ಚಕ್ರ ಬಿಗಿಯುವ ಬೋಲ್ಟು ತಯಾರಿಸುವ ಕಾರ್ಖಾನೆಯಲ್ಲಿ ಹತ್ತು ವರ್ಷದಿಂದ ಅಳತೆ ನೋಡುವ ಕೆಲಸ. ಬೋಲ್ಟನ್ನು ಬೆರಳ ತುದಿಯಲ್ಲಿ ಒಮ್ಮೆ ಉರುಳಿಸಿದರೆ ಸಾಕು, ಸರಿಯೋ ತಪ್ಪೋ ಹೇಳಿಬಿಡುತ್ತಿದ್ದಳು. ಆಮೇಲೆ ಮೈಕ್ರೋಮೀಟರು ಹಿಡಿದು ನೋಡಿದರೆ ಅದೂ ಅವಳ ಮಾತನ್ನೇ ಹೇಳುತ್ತಿತ್ತು. ಅದಕ್ಕೇ ಜೊತೆಗಾರರು ಅವಳನ್ನು 'ಮೈಕ್ರೋ' ಎಂದೇ ಕರೆಯುತ್ತಿದ್ದರು.

ಆದರೆ ಒಂದು ಕೊರತೆಯಿತ್ತು. ಸರಕು ಸರಿಯಿಲ್ಲ ಎಂದು ತಡೆದು ರುಜು ಹಾಕುವ ಹಕ್ಕು ಗುಣಮಟ್ಟದ ಪರೀಕ್ಷೆ ಪಾಸಾದವರಿಗೆ ಮಾತ್ರ. ಅವಳು ಬೇಡವೆಂದು ಪಕ್ಕಕ್ಕಿಟ್ಟದ್ದನ್ನು ಮ್ಯಾನೇಜರು ಎಷ್ಟೋ ಸಲ ಲಾರಿಗೆ ಹತ್ತಿಸಿದ್ದ. ಲಾರಿ ಗೇಟು ದಾಟಿದ ದಿನಗಳಲ್ಲಿ ಅವಳು ಊಟದ ಡಬ್ಬಿ ಬಿಚ್ಚದೆಯೇ ವಾಪಸ್ ಒಯ್ಯುತ್ತಿದ್ದಳು. ಆ ಪರೀಕ್ಷೆಗೆ ಸಂಖ್ಯಾಶಾಸ್ತ್ರ ಬೇಕಿತ್ತು. ಹಾಗಾಗಿ ಗಡಿಯಾರ ರಿಪೇರಿ ಅಂಗಡಿಯ ಮೇಲಿನ, ಕಾಲೇಜು ಹುಡುಗರೇ ತುಂಬಿದ ಈ ಭಾನುವಾರದ ತರಗತಿಗೆ ಬಂದು ಕೂತಿದ್ದಳು.

ಪುಸ್ತಕ ಬರೆದವನು ಯಾರೆಂದು ಮೆಟ್ಟಿಲಿಳಿಯುವಾಗ ಗೊತ್ತಾಯಿತು. 'ಅಯ್ಯೋ... ಮೊದಲ ದಿನವೇ ಮೇಷ್ಟ್ರ ಮುಖಕ್ಕೆ ಹೊಡೆದ ಹಾಗೆ ಮಾತಾಡಿಬಿಟ್ಟೆನಲ್ಲ!' ಎನಿಸಿತು. ಆದರೂ ಕ್ಷಮೆ ಕೇಳಲು ಮನಸ್ಸು ಒಪ್ಪಲಿಲ್ಲ. ತಪ್ಪು ಲೆಕ್ಕದಲ್ಲಿತ್ತು, ತನ್ನಲ್ಲಲ್ಲ.

ಅವಳ ಹಿಂದೆಯೇ ಇಳಿದು ಬಂದ ಮೇಷ್ಟ್ರು ಕೋಪ ಮಾಡಿಕೊಂಡಿರಲಿಲ್ಲ. ಕಾರ್ಖಾನೆಯೊಳಗೆ ಕಾಲಿಟ್ಟಿಲ್ಲ ಎಂದಿರಿ, ನಿಜ. ಒಮ್ಮೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದ.

ಅವಳು ಅವತ್ತು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

ಫೋರ್‌ಮನ್ನು ಅವಳ ಮೇಲಿನ ಅಭಿಮಾನಕ್ಕೆ ಮೇಷ್ಟ್ರನ್ನು ಕಾರ್ಖಾನೆಯೊಳಗೆ ಬಿಡಲು ಒಪ್ಪಿಕೊಂಡ. ಮುಂದಿನ ವಾರ ಮೇಷ್ಟ್ರು ಯಂತ್ರಗಳ ಗದ್ದಲದ ನಡುವೆ ಅವಳ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಅವಳು ಅಳೆದಳು, ಅವನು ಬರೆದುಕೊಂಡ. ಮಧ್ಯೆ ಅವಳು ಯಾರಿಗೂ ಹೇಳದ ಒಂದು ಮಾತನ್ನು ಅವನಿಗೆ ಹೇಳಿದಳು. ಬೆಳಿಗ್ಗೆ ಸರಿಯಾಗಿ ಬರುವ ಬೋಲ್ಟು ಮಧ್ಯಾಹ್ನ ಮೂರರ ಹೊತ್ತಿಗೆ ಕೂದಲೆಳೆಯಷ್ಟು ದಪ್ಪವಾಗುತ್ತದೆ. ತನ್ನ ಬೆರಳಿಗೆ ಗೊತ್ತಾಗುತ್ತದೆ, ಹೇಳಿದರೆ ಯಾರೂ ನಂಬುವುದಿಲ್ಲ.

ಅವನು ಸುಮ್ಮನೆ ನಂಬಲಿಲ್ಲ. ಮೂರು ದಿನದ ಅಳತೆಗಳನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಚುಕ್ಕೆಯಿಟ್ಟ. ಚುಕ್ಕೆಗಳನ್ನು ಸೇರಿಸಿದಾಗ ಗೆರೆ ಬೆಳಗಿನಿಂದ ಸಂಜೆಗೆ ಮೆಲ್ಲಗೆ ಮೇಲೇರುತ್ತಾ ಹೋಯಿತು. ಬೆಳಿಗ್ಗೆ ಹರಿತವಾಗಿ ಕೂರಿಸಿದ ಯಂತ್ರದ ಉಳಿ ಸವೆಯುತ್ತಾ ಬಂದಂತೆ ಬೋಲ್ಟು ದಪ್ಪವಾಗುತ್ತಿತ್ತು.

"ನೋಡಿ," ಎಂದ. "ನಿಮ್ಮ ಬೆರಳು ಹತ್ತು ವರ್ಷದಿಂದ ಈ ಗೆರೆ ಎಳೀತಾ ಇತ್ತು. ನಾವು ಇದಕ್ಕೆ ಪುಸ್ತಕದಲ್ಲಿ ಒಂದು ಅಧ್ಯಾಯ ಇಟ್ಟಿದ್ದೀವಿ."

ಅವಳ ಕಣ್ಣು ತುಂಬಿತು. ಯಾರೂ ನೋಡಬಾರದೆಂದು ಮೈಕ್ರೋಮೀಟರನ್ನು ಒರೆಸತೊಡಗಿದಳು.

ಆಮೇಲಿನ ಐದು ತಿಂಗಳು ಹೇಗೆ ಕಳೆದವೋ! ಭಾನುವಾರ ತರಗತಿ ಮುಗಿದ ಮೇಲೆ ಅವರಿಬ್ಬರೂ ಅಲ್ಲೇ ಕೂರುತ್ತಿದ್ದರು. ಅವಳು ತಂದ ಅಳತೆಗಳಿಂದ ಅವನು ಹೊಸ ಲೆಕ್ಕ ಕಟ್ಟುತ್ತಿದ್ದ, ಅವಳು ಬಿಡಿಸುತ್ತಿದ್ದಳು, ಬಿಡಿಸಿ ತಪ್ಪು ಹುಡುಕುತ್ತಿದ್ದಳು. ಹಳೆಯ ಪುಸ್ತಕದ ನಲವತ್ತು ಲೆಕ್ಕಗಳು ಹೀಗೆ ಕಸದ ಬುಟ್ಟಿ ಸೇರಿದವು. ಉತ್ತರ ತಾಳೆಯಾದಾಗ ಅವನು ಅವಳಿಗಿಂತ ಹೆಚ್ಚು ಹಿಗ್ಗುತ್ತಿದ್ದ. ಅವಳು ಹೋಗುವ ಹೊತ್ತಿಗೆ ಅವನಿಗೆ ಯಾವಾಗಲೂ ಇನ್ನೊಂದು ಸಂಶಯ ಹುಟ್ಟುತ್ತಿತ್ತು. ಅದು ಸಂಶಯವಲ್ಲ, ನೆಪ ಎಂದು ಅವಳಿಗೂ ಗೊತ್ತಿತ್ತು.

'ಇದನ್ನ ಪ್ರೀತಿ ಅಂತಾರಾ? ಗೊತ್ತಿಲ್ಲ... ಶನಿವಾರ ಸಂಜೆಯಿಂದಲೇ ಎದೆ ಹಗುರ ಆಗೋದಂತೂ ನಿಜ.'

ಆ ಭಾನುವಾರ ಅವಳು ಕುಣಿಯುವ ಕಾಲಲ್ಲಿ ಮೆಟ್ಟಿಲು ಹತ್ತಿದಳು. ಪರೀಕ್ಷೆಗೆ ಅರ್ಜಿ ಹಾಕಿಬಿಟ್ಟಿದ್ದಳು. ಅದನ್ನು ಮೊದಲು ಅವನಿಗೇ ಹೇಳಬೇಕೆಂದಿದ್ದಳು.

ಕೋಣೆಯಲ್ಲಿ ಅವನ ಅಕ್ಕ ಇದ್ದರು. ತಮ್ಮನಿಗೆ ಊಟದ ಡಬ್ಬಿ ತಂದಿದ್ದರು. ಏನು ಕೆಲಸ ಮಾಡುತ್ತೀಯಮ್ಮ ಎಂದು ಕೇಳಿದರು. ಬೋಲ್ಟು ಕಾರ್ಖಾನೆಯಲ್ಲಿ ಎಂದಾಗ ಅವರ ದೃಷ್ಟಿ ಅವಳ ಕೈಯ ಮೇಲೆ ನಿಂತಿತು. ಎಷ್ಟು ತಿಕ್ಕಿದರೂ ಹೋಗದ ಎಣ್ಣೆಗಪ್ಪು ಉಗುರಿನ ಸಂದಿಯಲ್ಲಿತ್ತು. ಅಕ್ಕ ಏನೂ ಮಾತಾಡದೆ ಡಬ್ಬಿ ಇಟ್ಟು ಹೊರಟುಹೋದರು.

ಅವಳಿಗೆ ಇರುಸುಮುರುಸಾಯಿತು. ಆದರೂ ಅರ್ಜಿಯ ವಿಷಯ ಹೇಳಿದಳು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು.

"ಈ ವರ್ಷವೇನಾ?" ಎಂದ. ಹೌದೆಂದಳು. ಅವನು ಎದ್ದು ಕಿಟಕಿಯ ಕಡೆ ತಿರುಗಿ ನಿಂತ. ಇತ್ತ ತಿರುಗದೆಯೇ ಹೇಳಿದ. "ಇನ್ನು ಮೇಲೆ ತರಗತಿಗೆ ಬರಬೇಡಿ. ಫೋನೂ ಮಾಡಬೇಡಿ. ಕಾರಣ ಕೇಳಬೇಡಿ... ದಯವಿಟ್ಟು."

ಅವಳು ಕೇಳಲಿಲ್ಲ. ಅಂಗಲಾಚುವ ಜಾಯಮಾನ ಅವಳದಲ್ಲ. ಪುಸ್ತಕ ಎತ್ತಿಕೊಂಡು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕೂತ ಮೇಲೆ ಕೈ ಬಿಚ್ಚಿ ನೋಡಿಕೊಂಡಳು.

'ಕಾರಣ ಕೇಳೋದೇನಿದೆ? ಅಕ್ಕ ಕೈ ನೋಡಿದರು, ತಮ್ಮ ಮುಖ ತಿರುಗಿಸಿದ. ಲೆಕ್ಕಕ್ಕೆ ಬೇಕಾದವಳು ಮನೆಗೆ ಬೇಡವಾದೆ. ಅಷ್ಟೇ ತಾನೇ...'

ಅಮ್ಮನಿಗೆ ಎರಡೇ ದಿನಕ್ಕೆ ಗೊತ್ತಾಯಿತು. ಅಮ್ಮ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು, ಮಾತು ಕಡಿಮೆ. ಮಗಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿದದ್ದು ನೋಡಿ ಪಕ್ಕದಲ್ಲಿ ಕೂತಳು.

"ಆ ಪರೀಕ್ಷೆ ಯಾರಿಗೋಸ್ಕರ ಬರೀಬೇಕು ಅಂತಿದ್ದೆ?"

"ನನಗೋಸ್ಕರ."

"ಹಾಗಾದ್ರೆ ಉಣ್ಣು. ಹಸಿದ ಹೊಟ್ಟೇಲಿ ಲೆಕ್ಕ ಹತ್ತಲ್ಲ."

ಅವಳು ಉಂಡಳು. ಉಂಡು ಕೂತು ಓದಿದಳು. ಪಾಳಿ ಮುಗಿಸಿ ಬಂದು ದಿನಕ್ಕೆ ಹತ್ತು ಲೆಕ್ಕ, ರಜೆಯ ದಿನ ಮೂವತ್ತು. ತಾವಿಬ್ಬರೂ ಸೇರಿ ಕಟ್ಟಿದ ಲೆಕ್ಕಗಳನ್ನು ಮಾತ್ರ ಮುಟ್ಟಲಿಲ್ಲ. ಗ್ರಂಥಾಲಯದಿಂದ ಬೇರೆ ಪುಸ್ತಕ ತಂದಳು. ಅವನ ಹಂಗು ಒಂದು ಚುಕ್ಕೆಯಷ್ಟೂ ಬೇಡವಾಗಿತ್ತು. ಅಳು ಬಂದಾಗ ಅಳುತ್ತಲೇ ವರ್ಗಮೂಲ ತೆಗೆದಳು. ಉತ್ತರ ಸರಿ ಬಂತು!

ಪರೀಕ್ಷೆಯ ದಿನ ಏಳನೇ ಪ್ರಶ್ನೆ ಅವಳನ್ನು ತಡೆದು ನಿಲ್ಲಿಸಿತು. ನೂರು ಪೆಟ್ಟಿಗೆ ಸರಕು, ಮೊದಲ ಪೆಟ್ಟಿಗೆಯಿಂದಷ್ಟೇ ಐವತ್ತು ಬೋಲ್ಟು ತೆಗೆದು ಅಳೆದಿದ್ದಾರೆ, ಸರಕು ಒಪ್ಪಬಹುದೇ ಎಂದಿತ್ತು. ಸುತ್ತಲಿನವರೆಲ್ಲ ಸೂತ್ರ ಹಾಕಿ ಭಾಗಿಸುತ್ತಿದ್ದರು. ಅವಳು ಪೆನ್ನು ಕೆಳಗಿಟ್ಟು ಯೋಚಿಸಿದಳು. ಆಮೇಲೆ ಬರೆದಳು: ಒಂದೇ ಪೆಟ್ಟಿಗೆ ನೋಡಿ ನೂರಕ್ಕೆ ತೀರ್ಪು ಕೊಡಲಾಗದು. ಬೆಳಿಗ್ಗೆ ತುಂಬಿದ ಪೆಟ್ಟಿಗೆಗೂ ಸಂಜೆ ತುಂಬಿದ್ದಕ್ಕೂ ವ್ಯತ್ಯಾಸವಿರುತ್ತದೆ. ಎಲ್ಲ ಪೆಟ್ಟಿಗೆಗಳಿಂದಲೂ ಆರಿಸಿ ಮತ್ತೆ ಅಳೆಯಬೇಕು.

ಒಂದು ತಿಂಗಳಿಗೆ ಫಲಿತಾಂಶ ಬಂತು. ಇನ್ನೂರ ಹನ್ನೆರಡು ಜನರಲ್ಲಿ ಅವಳು ಮೊದಲು. ಫೋರ್‌ಮನ್ನು ಯಂತ್ರಗಳನ್ನೆಲ್ಲ ಐದು ನಿಮಿಷ ನಿಲ್ಲಿಸಿ ಗಟ್ಟಿಯಾಗಿ ಓದಿದ. ಸುದ್ದಿ ಕೇಳಿದ ಅಮ್ಮ ಬೀದಿಯ ಪ್ರತಿ ಮನೆಯ ಬಾಗಿಲಿಗೂ ಒಂದೊಂದು ನೆಪ ಹೇಳಿಕೊಂಡು ಹೋಗಿ, ಅದನ್ನು ಮುಟ್ಟಿಸಿ ಬಂದಳು.

ಪ್ರಮಾಣಪತ್ರ ಕೈಗೆ ಬಂದ ವಾರವೇ ಎಂಟು ಸಾವಿರ ಬೋಲ್ಟಿನ ಸರಕು ಲಾರಿಗೆ ಸಿದ್ಧವಾಯಿತು. ಅವಳು ಎಲ್ಲ ಪೆಟ್ಟಿಗೆಗಳಿಂದ ಇನ್ನೂರು ಆರಿಸಿ ಅಳೆದಳು. ಹನ್ನೊಂದು ಮಿತಿ ದಾಟಿದ್ದವು. ಈ ಸರಕು ಹೋಗಬಾರದು ಎಂದಳು.

ಮ್ಯಾನೇಜರು ಅವಳನ್ನೂ ಫೋರ್‌ಮನ್ನನನ್ನೂ ಕೋಣೆಗೆ ಕರೆಸಿದ. ಹೊರಗೆ ಲಾರಿ ನಿಂತಿತ್ತು. "ನಿನ್ನ ಮೊದಲನೇ ಸ್ಥಾನದ ಕಥೆ ನನಗೂ ಗೊತ್ತಮ್ಮ," ಎಂದ. "ಆ ಮೇಷ್ಟ್ರು ಪ್ರಶ್ನೆಪತ್ರಿಕೆ ತೆಗೆಯೋರಲ್ಲಿ ಒಬ್ಬನಂತೆ. ನಿಮ್ಮಿಬ್ಬರ ಸ್ನೇಹ ಇಡೀ ಕಾರ್ಖಾನೆ ನೋಡಿದೆ. ಪರೀಕ್ಷಾ ಬೋರ್ಡಿಗೆ ದೂರು ಕೊಟ್ಟಿದ್ದೆ, ಉತ್ತರ ಇವತ್ತೇ ಬಂದಿದೆ. ನಿನ್ನೆದುರೇ ಓದ್ತೀನಿ."

ಅವಳು ಫೋರ್‌ಮನ್ನನ ಮುಖ ನೋಡಿದಳು. 'ಪ್ರಶ್ನೆಪತ್ರಿಕೆ ತೆಗೆಯೋರಾ? ನನಗೆ ಗೊತ್ತೇ ಇರಲಿಲ್ಲವಲ್ಲ...'

ಮ್ಯಾನೇಜರು ಲಕೋಟೆ ಹರಿದು ಓದತೊಡಗಿದ. ಸದರಿ ಮೇಷ್ಟ್ರು ಈ ಅಭ್ಯರ್ಥಿ ಅರ್ಜಿ ಹಾಕಿದ ಸಂಗತಿ ತಿಳಿದ ಮರುದಿನವೇ, ಸೋಮವಾರ, ಬೋರ್ಡಿಗೆ ಬರೆದು ತನ್ನ ಪತ್ರಿಕೆಯನ್ನು ಹಿಂದಕ್ಕೆ ಪಡೆದಿದ್ದರು. ಉಳಿದ ಪತ್ರಿಕೆಗಳನ್ನೂ ಅವರು ಮೊದಲೇ ನೋಡಿದ್ದರಿಂದ, ಫಲಿತಾಂಶ ಬರುವ ತನಕ ಅಭ್ಯರ್ಥಿಯೊಡನೆ ಯಾವ ಸಂಪರ್ಕವೂ ಕೂಡದು, ಕಾರಣವನ್ನೂ ತಿಳಿಸಕೂಡದು ಎಂಬ ಬೋರ್ಡಿನ ಖಾಯಂ ನಿಯಮ ಅವರಿಗೂ ಅನ್ವಯಿಸಿತ್ತು. ಅಭ್ಯರ್ಥಿಯ ಏಳನೇ ಉತ್ತರವನ್ನು ಮುಂದಿನ ವರ್ಷದಿಂದ ಮಾದರಿ ಉತ್ತರವಾಗಿ ಇಡಲಾಗುವುದು. ಮೇಷ್ಟ್ರ ಪತ್ರದ ಪ್ರತಿ ಜೊತೆಗಿದೆ.

ಮ್ಯಾನೇಜರ ದನಿ ಕುಗ್ಗುತ್ತಾ ಬಂದಿತ್ತು. ಎರಡನೇ ಹಾಳೆಗೆ ಬಂದಾಗ ಅವನು ನಿಲ್ಲಿಸಿಬಿಟ್ಟ.

"ಓದಿ ಸರ್," ಎಂದ ಫೋರ್‌ಮನ್ನು. "ಶುರು ಮಾಡಿದವರು ನೀವೇ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡ. "'ಅಭ್ಯರ್ಥಿಗೂ ನನಗೂ ಇರುವ ಸಂಬಂಧ: ನಾನು ಅವರನ್ನು ಮದುವೆಯಾಗಬೇಕೆಂದಿದ್ದೇನೆ. ಈ ವಿಷಯ ಅವರಿಗೆ ಇನ್ನೂ ತಿಳಿದಿಲ್ಲ. ಅವರ ಗೆಲುವಿನಲ್ಲಿ ನನ್ನ ಪಾಲಿದೆ ಎಂದು ಯಾರೂ ಎಂದೂ ಹೇಳಬಾರದು.'"

ಅವಳ ಕೆನ್ನೆ ಸುಡುತ್ತಿತ್ತು. ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು; ಹೆಮ್ಮೆಯೇ ಜಾಸ್ತಿ. ಕೂಡಲೇ ಓಡಿಹೋಗಬೇಕೆನಿಸಿತು. ಆದರೆ ಲಾರಿ ಇನ್ನೂ ಗೇಟಿನಲ್ಲೇ ಇತ್ತು.

ಫೋರ್‌ಮನ್ನನ ಕೈಯಿಂದ ರಿಜಿಸ್ಟರು ತೆಗೆದುಕೊಂಡಳು. 'ತಡೆಹಿಡಿಯಲಾಗಿದೆ' ಎಂದು ಬರೆದು, ಹತ್ತು ವರ್ಷದ ಕೆಲಸದಲ್ಲಿ ಮೊದಲ ಬಾರಿಗೆ, ತನ್ನ ರುಜು ಹಾಕಿದಳು. ಲಾರಿ ಖಾಲಿಯೇ ಹೋಯಿತು.

ಸಂಜೆ ಮೇಷ್ಟ್ರ ಮನೆಯ ವಿಳಾಸ ಹುಡುಕಿಕೊಂಡು ಹೋದಾಗ ಬಾಗಿಲು ತೆರೆದವರು ಅಕ್ಕ. ಅವಳ ಎರಡೂ ಕೈ ಹಿಡಿದುಕೊಂಡರು. ಅವರ ಅಂಗೈ ಕಲ್ಲಿನಂತೆ ಒರಟಾಗಿತ್ತು.

"ಇಪ್ಪತ್ತು ವರ್ಷ ಆಸ್ಪತ್ರೆ ಬಟ್ಟೆ ಒಗೆದು ಇವನನ್ನ ಓದಿಸಿದೆ ಕಣಮ್ಮ. ಅವತ್ತು ನಿನ್ನ ಕೈ ನೋಡಿದಾಗ ನನ್ನ ಕೈಯೇ ಕಂಡ ಹಾಗಾಯ್ತು, ಮಾತೇ ಬರಲಿಲ್ಲ. ಇಂಥ ಹುಡುಗೀನೇ ನಮ್ಮ ಮನೆಗೆ ಬರಲಿ ಅಂದುಕೊಂಡೇ ಹೋದೆ. ನೀನು ಬೇರೆ ಅರ್ಥ ಮಾಡ್ಕೊಂಡ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಒಳಗೆ ಹೋಗು, ಮೂರು ತಿಂಗಳಿಂದ ಸರಿಯಾಗಿ ಉಂಡಿಲ್ಲ ಅವನು, ನೀನಾದರೂ ಬೈದು ಬುದ್ಧಿ ಹೇಳು ಎಂದು ಅಕ್ಕ ತಾವು ಪಕ್ಕದ ಮನೆಗೆ ಹೊರಟರು.

ಅವನು ಮೇಜಿನ ಮುಂದೆ ಕೂತಿದ್ದವನು ಎದ್ದು ನಿಂತ. ಬಡವಾಗಿದ್ದ.

"ಫಲಿತಾಂಶ ಬಂದ ದಿನವೇ ಬರಬೇಕು ಅಂತಿದ್ದೆ," ಎಂದ. "ಗೇಟಿನ ತನಕ ಬಂದೆ ಕೂಡ. ಎಲ್ರೂ ನಿಮ್ಮನ್ನ ಸುತ್ತುವರಿದು ನಿಂತಿದ್ರು. ಆ ಗೆಲುವು ಪೂರ್ತಿ ನಿಮ್ಮದು, ಮಧ್ಯೆ ನಾನ್ಯಾಕೆ ಅನ್ನಿಸ್ತು. ದೂರದಿಂದ ನೋಡಿದೆ, ವಾಪಸ್ ಬಂದೆ. ಅಷ್ಟು ಹೆಮ್ಮೆ ನನಗೆ ನನ್ನ ಪದವಿ ಬಂದಾಗಲೂ ಆಗಿರಲಿಲ್ಲ. ಆಮೇಲೆ ದೂರು ಬಂತು, ಅದು ಇತ್ಯರ್ಥ ಆಗೋ ತನಕ ಬರೋ ಹಾಗಿರಲಿಲ್ಲ."

"ನನಗೆ ಎಷ್ಟು ನೋವಾಯ್ತು ಗೊತ್ತಾ ನಿಮಗೆ?"

"ಗೊತ್ತು. ನೀವು ಮೆಟ್ಟಿಲಿಳಿದ ಸದ್ದು ದಿನಾ ಕೇಳಿಸ್ತಿತ್ತು."

ಅವಳು ಕಣ್ಣೊರೆಸಿಕೊಂಡಳು. ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ... ನಗು ಬಂತು.

"ಬೋರ್ಡಿಗೆ ಹೇಳಿದ್ರಿ. ಬೋರ್ಡು ನಮ್ಮ ಮ್ಯಾನೇಜರಿಗೆ ಹೇಳಿತು. ಮ್ಯಾನೇಜರು ಫೋರ್‌ಮನ್ನನ ಎದುರು ಗಟ್ಟಿಯಾಗಿ ಓದಿದ್ರು. ನನಗೆ ಯಾವಾಗ ಹೇಳ್ತೀರಿ?"

ಅವನ ಕಿವಿ ಕೆಂಪಾಯಿತು. ಒಂದು ಹೆಜ್ಜೆ ಮುಂದೆ ಬಂದ.

"ನನ್ನನ್ನ ಮದುವೆ ಆಗ್ತೀರಾ?"

"ನಾಳೆ ಅಕ್ಕನನ್ನ ಕರ್ಕೊಂಡು ಮನೆಗೆ ಬನ್ನಿ. ಅಮ್ಮನ ಎದುರು ಕೇಳಿ, ಉತ್ತರ ಹೇಳ್ತೀನಿ."

"ನಾಳೆ ತನಕ ನಾನೇನು ಮಾಡ್ಲಿ?"

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹೊಟ್ಟೆ ತುಂಬ ಊಟ ಮಾಡಿ, ನಿದ್ದೆ ಮಾಡಿ," ಎಂದಳು ಮೆಲ್ಲಗೆ. "ಹೂಂ ಅಂತಲೇ ಹೇಳ್ತೀನಿ."